ನಿಮ್ಮ ಅತಿ ಗೋಜಲಿನ ವಾರವನ್ನೇ ಡೆಮೋಗೆ ಒಯ್ಯಿರಿ: ಅಮೆರಿಕದ ಸರ್ಕಾರಿ ಕಾಮಗಾರಿಗೆ ಸರ್ಟಿಫೈಡ್ ಪೇರೋಲ್ ಸಾಫ್ಟ್‌ವೇರ್ ಆರಿಸುವ ಬಗೆ

ನಾನು ಮೈಸೂರಿನಲ್ಲಿ ಕೂತು ಅಮೆರಿಕದ ಒಂದು ಸಣ್ಣ ಕಟ್ಟಡ ಕಂಪನಿಯ ಪೇರೋಲ್ ನೋಡಿಕೊಳ್ಳುತ್ತೇನೆ. ಮೂವತ್ತು ಮೂವತ್ತೈದು ಜನ ಕೆಲಸಗಾರರು. ಕೆಲವರು ಸರ್ಕಾರಿ ಕಾಮಗಾರಿಯಲ್ಲಿ, ಕೆಲವರು ಖಾಸಗಿ ಕೆಲಸದಲ್ಲಿ, ಜಾಸ್ತಿ ಜನ ಒಂದೇ ವಾರದಲ್ಲಿ ಎರಡರಲ್ಲೂ. ಇಷ್ಟರೊಳಗೆ ಎರಡು ಸಲ ಸಾಫ್ಟ್‌ವೇರ್ ಬದಲಾಯಿಸಿದ್ದೇವೆ. ಮೊದಲ ಸಲ ಡೆಮೋ ನೋಡಿಯೇ ಮರುಳಾಗಿದ್ದೆವು. ಒಂದು ಗುಂಡಿ ಒತ್ತಿದರೆ ಫಾರ್ಮ್ ಗರಿಗರಿಯಾಗಿ ಹೊರಗೆ ಬರುತ್ತಿತ್ತು. ಅದರೊಳಗಿನ ಲೆಕ್ಕ ತಪ್ಪು ಅಂತ ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ಬೆಂಗಳೂರು, ಮೈಸೂರು ಕಡೆ ಈಗ ಇಂಥ ಕೆಲಸ ಮಾಡುವವರು ಇದ್ದಾರೆ, ಅಮೆರಿಕದಲ್ಲೇ ಇದ್ದು ಗಂಡನದೋ ಅಣ್ಣನದೋ ಕಂಟ್ರಾಕ್ಟ್ ಕಂಪನಿಯ ಲೆಕ್ಕ ಬರೆಯುವ ಕನ್ನಡದವರೂ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಕಂಪನಿಯ ಸಾಫ್ಟ್‌ವೇರ್ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಹೇಗೆ ಪರೀಕ್ಷೆ ಮಾಡಬೇಕು ಅನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲು, ಇದೇನು ಅಂತ ಎರಡು ಮಾತು

ನಮ್ಮ ಕಡೆ ಮಸ್ಟರ್ ರೋಲ್ ಅಂತೀವಲ್ಲ, ಸರ್ಟಿಫೈಡ್ ಪೇರೋಲ್ ಅದರ ದೂರದ ಸಂಬಂಧಿ. ಯಾರು, ಯಾವ ಕೆಲಸ, ದಿನಕ್ಕೆ ಎಷ್ಟು ಗಂಟೆ, ಏನು ದರ, ಏನೇನು ಕಡಿತ, ಕೈಗೆ ಎಷ್ಟು ಅಂತ ವಾರಕ್ಕೊಮ್ಮೆ ಬರೆದು, ಕೊನೆಯಲ್ಲಿ "ಇದು ಸತ್ಯ" ಅಂತ ಸಹಿ ಹಾಕಿ ಕೊಡಬೇಕು. ಇದರ ಹಿಂದಿರುವುದು 1931ರ ಡೇವಿಸ್-ಬೇಕನ್ ಕಾಯ್ದೆ. ಅಲಬಾಮಾದ ಒಬ್ಬ ಗುತ್ತಿಗೆದಾರ ಅಲ್ಲಿಂದಲೇ ಕಡಿಮೆ ಕೂಲಿಯ ಆಳುಗಳನ್ನು ಕರೆತಂದು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆ ಕಟ್ಟಿದ. ಅದನ್ನು ಕಂಡ ಅಲ್ಲಿನ ಸಂಸದ ರಾಬರ್ಟ್ ಬೇಕನ್, ಸರ್ಕಾರಿ ಕಟ್ಟಡಕ್ಕೆ ಆ ಊರಿನ ಚಾಲ್ತಿ ಕೂಲಿಯನ್ನೇ ಕೊಡಬೇಕು ಅಂತ ಹಟ ಹಿಡಿದರು. ಮೊದಲು 5,000 ಡಾಲರ್ ಮೀರಿದ ಗುತ್ತಿಗೆಗೆ ಮಾತ್ರ ಇದ್ದ ಮಿತಿ 1935ರಲ್ಲಿ 2,000ಕ್ಕೆ ಇಳಿಯಿತು. ಇವತ್ತಿಗೂ ಅದೇ 2,000. ಅಂದರೆ ಒಂದು ಬಾತ್‌ರೂಮ್ ರಿಪೇರಿ ಕೂಡ ಇದರೊಳಗೆ ಬಂದುಬಿಡಬಹುದು. ವಾರವಾರ ಲೆಕ್ಕ ಕೊಡಬೇಕು ಅನ್ನುವ ನಿಯಮ ಬಂದದ್ದು 1934ರ ಕೋಪ್‌ಲ್ಯಾಂಡ್ ಕಾಯ್ದೆಯಿಂದ.

ಅಮೆರಿಕದ ಕೇಂದ್ರ ಕಾರ್ಮಿಕ ಇಲಾಖೆಯ ನಮೂನೆಯ ಹೆಸರು ಡಬ್ಲ್ಯುಎಚ್-347. ಆ ಫಾರ್ಮನ್ನೇ ಬಳಸಬೇಕೆಂಬ ಕಡ್ಡಾಯವಿಲ್ಲ, ಆದರೆ ಅದರಲ್ಲಿರುವ ಮಾಹಿತಿಯೂ ಸಹಿಯೂ ಕಡ್ಡಾಯ. ಸಂಬಳದ ದಿನದಿಂದ 7 ದಿನದೊಳಗೆ ಕೊಡಬೇಕು.

ಹೆಜ್ಜೆ 1: ಸಾಫ್ಟ್‌ವೇರ್ ಹುಡುಕುವ ಮೊದಲು ಗುತ್ತಿಗೆ ಓದಿ

ಬೇಜಾರಿನ ಕೆಲಸ. ಆದರೂ ಓದಿ. ನಿಮ್ಮ ಕೈಲಿರುವ ಮೂರೋ ನಾಲ್ಕೋ ಗುತ್ತಿಗೆಗಳನ್ನು ಮುಂದಿಟ್ಟುಕೊಂಡು ಒಂದು ಹಾಳೆಯಲ್ಲಿ ಬರೆಯಿರಿ: ಹಣ ಎಲ್ಲಿಂದ ಬಂತು, ಕೇಂದ್ರದ್ದೋ, ರಾಜ್ಯದ್ದೋ, ಎರಡೂ ಸೇರಿದ್ದೋ? ಲೆಕ್ಕ ಯಾರಿಗೆ ಕೊಡಬೇಕು, ಮೇಲಿನ ಪ್ರೈಮ್ (ಮುಖ್ಯ) ಕಂಟ್ರಾಕ್ಟರಿಗೋ, ನೇರವಾಗಿ ಇಲಾಖೆಗೋ? ಕಾಗದದಲ್ಲೋ, ಪೋರ್ಟಲ್‌ನಲ್ಲೋ?

ರಾಜ್ಯದ ಕತೆಯೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1,000 ಡಾಲರ್ ಮೀರಿದ ಸಾರ್ವಜನಿಕ ಕಾಮಗಾರಿಗೇ ಚಾಲ್ತಿ ಕೂಲಿ ಅನ್ವಯಿಸುತ್ತದೆ. ಅಲ್ಲಿ ದಿನಕ್ಕೆ 8 ಗಂಟೆ ಮೀರಿದರೆ ಓವರ್‌ಟೈಮ್, ವಾರಕ್ಕೆ 40 ಆಗುವ ತನಕ ಕಾಯುವ ಹಾಗಿಲ್ಲ. ಲೆಕ್ಕವನ್ನು ರಾಜ್ಯದ ಕೈಗಾರಿಕಾ ಸಂಬಂಧಗಳ ಇಲಾಖೆಯ (ಡಿಐಆರ್) ಇಸಿಪಿಆರ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಏರಿಸಬೇಕು, ಫೈಲ್ ಆಗಿ ಏರಿಸುವುದಾದರೆ ಎಕ್ಸ್‌ಎಂಎಲ್ ರೂಪದಲ್ಲಿ. ವಾಷಿಂಗ್ಟನ್, ಇಲಿನಾಯ್ ರಾಜ್ಯಗಳಿಗೂ ಅವವೇ ಪೋರ್ಟಲ್‌ಗಳಿವೆ. ಬಹಳ ಕಡೆ ನಗರಸಭೆಗಳು, ಶಾಲಾ ಜಿಲ್ಲೆಗಳು ಎಲ್‌ಸಿಪಿಟ್ರ್ಯಾಕರ್‌ನಂಥ ಖಾಸಗಿ ವ್ಯವಸ್ಥೆಯಲ್ಲೇ ಕೊಡಿ ಅನ್ನುತ್ತವೆ. ಹಾಗೆ ಗುತ್ತಿಗೆಯಲ್ಲೇ ಬರೆದಿದ್ದರೆ ನಿಮಗೆ ಬೇಕಾದದ್ದು ಫಾರ್ಮ್ ಅಚ್ಚು ಹಾಕುವ ಸಾಫ್ಟ್‌ವೇರ್ ಅಲ್ಲ, ಆ ಪೋರ್ಟಲ್ ನುಂಗುವಂಥ ಫೈಲ್ ಕೊಡುವ ಸಾಫ್ಟ್‌ವೇರ್. ಈ ವ್ಯತ್ಯಾಸ ಗೊತ್ತಿಲ್ಲದೆ ದುಡ್ಡು ಸುರಿದವರಲ್ಲಿ ನಾವೂ ಒಬ್ಬರು.

ಇನ್ನೊಂದು ವಿಷಯ. ಕೇಂದ್ರದ ಕಾಮಗಾರಿಯಲ್ಲಿ ಸಂಬಳ ವಾರಕ್ಕೊಮ್ಮೆ ಕೊಡಲೇಬೇಕು. ಈಗ ಹದಿನೈದು ದಿನಕ್ಕೊಮ್ಮೆ ಕೊಡುತ್ತಿದ್ದರೆ ಯಾವ ಸಾಫ್ಟ್‌ವೇರ್ ಬಂದರೂ ನಿಮ್ಮನ್ನು ಉಳಿಸುವುದಿಲ್ಲ, ಮೊದಲು ಅದನ್ನು ಬದಲಾಯಿಸಿ.

ಹೆಜ್ಜೆ 2: ಒಂದು ಗೋಜಲಿನ ವಾರವನ್ನು ಕೈಯಲ್ಲೇ ಲೆಕ್ಕ ಹಾಕಿ

ಇಡೀ ಬರಹದಲ್ಲಿ ಮುಖ್ಯವಾದ ಭಾಗ ಇದು. ಕಳೆದ ವರ್ಷದ ಪೇರೋಲ್‌ಗಳಲ್ಲಿ ನಿಮ್ಮ ತಲೆ ತಿಂದ ವಾರ ಒಂದಿರುತ್ತದಲ್ವಾ? ಅದನ್ನು ಹೊರಗೆ ತೆಗೆಯಿರಿ. ಇಲ್ಲಿ ಒಬ್ಬ ಕೆಲಸಗಾರನ ವಾರ ತೋರಿಸುತ್ತೇನೆ, ಅಂಕಿಗಳು ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಇಟ್ಟದ್ದು.

ಆಸಾಮಿಯ ಹೆಸರು ಹೊಸೆ ಅಂತಿಟ್ಟುಕೊಳ್ಳಿ. ಸೋಮ, ಮಂಗಳ, ಬುಧ, ಕೇಂದ್ರದ ಕಾಮಗಾರಿಯಲ್ಲಿ ಬಡಗಿ ಕೆಲಸ, ದಿನಕ್ಕೆ 8 ಗಂಟೆ. ಗುರುವಾರ ಅದೇ ಜಾಗದಲ್ಲಿ ಬಡಗಿ ಕೆಲಸ ಇರಲಿಲ್ಲ, 8 ಗಂಟೆ ಸಾಮಾನು ಹೊತ್ತ. ಶುಕ್ರವಾರ ಕಂಪನಿಯ ಖಾಸಗಿ ಕೆಲಸದಲ್ಲಿ 8 ಗಂಟೆ. ಶನಿವಾರ ಮತ್ತೆ ಕೇಂದ್ರದ ಕಾಮಗಾರಿಯಲ್ಲಿ ಬಡಗಿಯಾಗಿ 4 ಗಂಟೆ. ಒಟ್ಟು 44.

ದರ: ಬಡಗಿಗೆ ಮೂಲ ಕೂಲಿ ಗಂಟೆಗೆ 30 ಡಾಲರ್, ಫ್ರಿಂಜ್ 10. ಕೂಲಿಯಾಳಿಗೆ 20, ಫ್ರಿಂಜ್ 8. ಖಾಸಗಿ ಕೆಲಸಕ್ಕೆ ಕಂಪನಿ ಕೊಡುವುದು 24. ಫ್ರಿಂಜ್ ಅಂದರೆ ಆರೋಗ್ಯ ವಿಮೆ, ಪಿಂಚಣಿ, ರಜೆ ಇಂಥವಕ್ಕೆ ಕೊಡಬೇಕಾದ ಪಾಲು. ವಿಮೆ ರೂಪದಲ್ಲಿ ಕೊಡಬಹುದು, ಉಳಿದದ್ದನ್ನು ನಗದಾಗಿ ಸಂಬಳದ ಜೊತೆ ಕೊಡಬಹುದು. ಕಂಪನಿ ಹೊಸೆಯ ವಿಮೆಗೆ ತಿಂಗಳಿಗೆ 520 ಡಾಲರ್ ಕಟ್ಟುತ್ತದೆ.

ಈಗ ಲೆಕ್ಕ. ಬಡಗಿ 28 ಗಂಟೆಗೆ 840. ಕೂಲಿಯಾಳು 8 ಗಂಟೆಗೆ 160. ಖಾಸಗಿ 8 ಗಂಟೆಗೆ 192. ಮೂರೂ ಸೇರಿ 1,192. ವಾರಕ್ಕೆ 40 ಮೀರಿದ ಓವರ್‌ಟೈಮ್ 4 ಗಂಟೆ. ಬೇರೆ ಬೇರೆ ದರದ ಕೆಲಸ ಮಾಡಿದ್ದರಿಂದ ಸರಾಸರಿ ತೆಗೆಯಬೇಕು: 1,192 ಭಾಗಿಸು 44, ಹತ್ತಿರ ಹತ್ತಿರ 27.09. ಓವರ್‌ಟೈಮಿಗೆ ಒಂದೂವರೆ ಪಟ್ಟು, ಅದರಲ್ಲಿ ಒಂದು ಪಟ್ಟು 1,192ರಲ್ಲೇ ಬಂದಿದೆ, ಹಾಗಾಗಿ ಸರಾಸರಿಯ ಅರ್ಧವನ್ನಷ್ಟೇ 4 ಗಂಟೆಗೆ ಸೇರಿಸಬೇಕು: 54.18. ಇಲ್ಲಿ ಫ್ರಿಂಜನ್ನು ಸರಾಸರಿಗೆ ತರಬಾರದು. ಓವರ್‌ಟೈಮಿನ ಒಂದೂವರೆ ಪಟ್ಟು ಮೂಲ ಕೂಲಿಗೆ ಮಾತ್ರ. ಫ್ರಿಂಜ್ ಆ 4 ಗಂಟೆಗೂ ಇದೆ, ಆದರೆ ಒಂದು ಪಟ್ಟು.

ಫ್ರಿಂಜಿನ ಲೆಕ್ಕದಲ್ಲೇ ಬಹಳ ಜನ ಬೀಳುವುದು. ವಿಮೆಯ 520ನ್ನು ಗಂಟೆಗೆ ಎಷ್ಟು ಅಂತ ತೆಗೆಯಬೇಕು. ವರ್ಷಕ್ಕೆ 6,240. ವಾರಕ್ಕೆ 40ರಂತೆ 52 ವಾರಕ್ಕೆ 2,080 ಗಂಟೆ. ಭಾಗಿಸಿದರೆ ಗಂಟೆಗೆ ಸರಿಯಾಗಿ 3 ಡಾಲರ್. ಯಾಕೆ ಇಡೀ ವರ್ಷದ ಗಂಟೆ ಅಂದರೆ, ಆ ವಿಮೆ ಹೊಸೆಯನ್ನು ಖಾಸಗಿ ಕೆಲಸದ ದಿನವೂ ಕಾಯುತ್ತದೆ, ಅದರ ಖರ್ಚನ್ನೆಲ್ಲ ಸರ್ಕಾರಿ ಗಂಟೆಗಳ ತಲೆಗೆ ಕಟ್ಟುವ ಹಾಗಿಲ್ಲ. ನಮ್ಮ ಮೊದಲ ಸಾಫ್ಟ್‌ವೇರ್ ಮಾಡಿದ್ದು ಅದನ್ನೇ. ತಿಂಗಳ ವಿಮೆಯನ್ನು ಆ ತಿಂಗಳ ಸರ್ಕಾರಿ ಗಂಟೆಗಳಿಂದ ಭಾಗಿಸುತ್ತಿತ್ತು. ಹೊಸೆಯಂಥವನಿಗೆ ತಿಂಗಳಿಗೆ 144 ಸರ್ಕಾರಿ ಗಂಟೆ ಅಂದರೆ 3.61 ಬರುತ್ತದೆ. 61 ಸೆಂಟಿನ ವ್ಯತ್ಯಾಸ ಏನು ಮಹಾ ಅನಿಸುತ್ತದೆ. ವಾರಕ್ಕೆ 36 ಗಂಟೆಗೆ ಅದು ಸುಮಾರು 22 ಡಾಲರ್, ಒಬ್ಬನಿಗೆ. ಎಂಟು ತಿಂಗಳಾದ ಮೇಲೆ ಎಲ್ಲರಿಗೂ ಬಾಕಿ ಲೆಕ್ಕ ಹಾಕಿ ಕೊಡಬೇಕಾಗಿ ಬಂದಾಗ ನಮ್ಮ ಮಾಲೀಕರ ಮುಖ ನೋಡುವ ಹಾಗಿರಲಿಲ್ಲ.

ಹಾಗಾಗಿ ನಗದು ಫ್ರಿಂಜ್: ಬಡಗಿ ಗಂಟೆಗೆ 10ರಲ್ಲಿ 3 ಕಳೆದು 7, 28 ಗಂಟೆಗೆ 196. ಕೂಲಿಯಾಳು 8ರಲ್ಲಿ 3 ಕಳೆದು 5, 8 ಗಂಟೆಗೆ 40. ಒಟ್ಟು 236.

ವಾರದ ಒಟ್ಟು ಸಂಬಳ 1,192 ಕೂಡು 54.18 ಕೂಡು 236, ಅಂದರೆ 1,482.18. ಅದರಲ್ಲಿ ಈ ಕಾಮಗಾರಿಯದು 1,290.18, ಖಾಸಗಿಯದು 192. ವರದಿಯಲ್ಲಿ ಈ ಕಾಮಗಾರಿಯ ಮೊತ್ತವೂ ಬೇಕು, ವಾರದ ಪೂರ್ತಿ ಮೊತ್ತವೂ ಬೇಕು. ಯಾಕೆಂದರೆ ತೆರಿಗೆ ಕಡಿತ ಪೂರ್ತಿ ಸಂಬಳದ ಮೇಲೆ ಆಗಿರುತ್ತದೆ. ಒಂದೇ ಮೊತ್ತ ತೋರಿಸುವ ಸಾಫ್ಟ್‌ವೇರ್ ಆದರೆ ಅಲ್ಲಿಗೇ ನಮಸ್ಕಾರ ಹೇಳಿ.

ಈ ಹಾಳೆಯನ್ನು ಜೋಪಾನವಾಗಿಡಿ. ಇನ್ನು ಮುಂದೆ ಎಲ್ಲ ಡೆಮೋಗೂ ಇದೇ ಪ್ರಶ್ನೆಪತ್ರಿಕೆ.

ಹೆಜ್ಜೆ 3: ಡೆಮೋದಲ್ಲಿ ಮೌಸ್ ನಿಮ್ಮ ಕೈಗೆ ತೆಗೆದುಕೊಳ್ಳಿ

ಮಾರುವವರು ತಮ್ಮದೇ ಮಾದರಿ ಕಂಪನಿಯನ್ನು ತೋರಿಸುತ್ತಾರೆ. ಅದರಲ್ಲಿ ಎಲ್ಲರೂ ವಾರವಿಡೀ ಒಂದೇ ಕೆಲಸ, ಒಂದೇ ದರ, ಸರಿಯಾಗಿ 40 ಗಂಟೆ. ಅಂಥ ವಾರಕ್ಕೆ ಎಕ್ಸೆಲ್ ಸಾಕು, ಸುಮ್ನೆ ದುಡ್ಡು ಯಾಕೆ ಕೊಡಬೇಕು? "ನಮ್ಮ ಈ ವಾರವನ್ನು ನಿಮ್ಮದರಲ್ಲಿ ಹಾಕಿ ತೋರಿಸಿ" ಅಂತ ಹೊಸೆಯ ಹಾಳೆ ಮುಂದಿಡಿ. ಉತ್ತರ ಮೊದಲೇ ಹೇಳಬೇಡಿ. "ಅದನ್ನು ಸೆಟಪ್ ಮಾಡುವಾಗ ನೋಡೋಣ" ಅಂದರೆ ಅರ್ಥಮಾಡಿಕೊಳ್ಳಿ.

ಮೊತ್ತ ಹೊಂದಿದರೆ ಇನ್ನೂ ಕೆಲವು ಕಡೆ ಕೆದಕಿ.

ದರದ ಪಟ್ಟಿ. ಕೇಂದ್ರದ ದರಗಳು ಸರ್ಕಾರದ ಜಾಲತಾಣ ಸ್ಯಾಮ್ ಡಾಟ್ ಗವ್‌ನಲ್ಲಿ ಸಿಗುತ್ತವೆ, ಕಟ್ಟಡ, ವಸತಿ, ಭಾರೀ ಕೆಲಸ, ಹೆದ್ದಾರಿ ಅಂತ ನಾಲ್ಕು ಬಗೆ, ಕೌಂಟಿಗೊಂದು (ನಮ್ಮ ಜಿಲ್ಲೆಯಂಥದ್ದು) ದರ. "ನಮ್ಮಲ್ಲಿ ದರ ತಾನಾಗಿಯೇ ಅಪ್‌ಡೇಟ್ ಆಗುತ್ತದೆ" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಸಾಮಾನ್ಯವಾಗಿ ಗುತ್ತಿಗೆಗೆ ಸೇರಿಸಿದ ದರವೇ ಆ ಗುತ್ತಿಗೆ ಮುಗಿಯುವ ತನಕ ನಡೆಯುತ್ತದೆ. ಅವಧಿ ವಿಸ್ತರಣೆಯಂಥ ಸಂದರ್ಭಗಳಲ್ಲಿ ಹೊಸದು ಬರುತ್ತದೆ. ಹಾಗಾಗಿ ನಿಮ್ಮ ಹಳೆಯ ಗುತ್ತಿಗೆಗೆ ಹೊಸ ದರ ತಂದು ತುಂಬುವ ಸಾಫ್ಟ್‌ವೇರ್ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ ಮಾಡುತ್ತದೆ. ಕ್ಯಾಲಿಫೋರ್ನಿಯಾದ ಪಟ್ಟಿಯಲ್ಲಿ ಇದಕ್ಕೆ ಗುರುತೇ ಇದೆ: ಒಂದು ನಕ್ಷತ್ರ ಇದ್ದರೆ ಆ ದರ ಕಾಮಗಾರಿ ಮುಗಿಯುವ ತನಕ, ಎರಡು ನಕ್ಷತ್ರ ಇದ್ದರೆ ಮುಂದಿನ ಏರಿಕೆ ಮೊದಲೇ ನಿಗದಿ. ಕಾಮಗಾರಿಗೊಂದು ದರಕ್ಕೆ ಬೀಗ ಹಾಕಲು ಬರುತ್ತದೆಯೇ, ನಿಗದಿಯಾದ ಏರಿಕೆಯನ್ನು ತಾರೀಖು ಹಾಕಿ ಇಡಲು ಬರುತ್ತದೆಯೇ ಅಂತ ಎರಡನ್ನೂ ಮಾಡಿಸಿ ನೋಡಿ. ಕೇಂದ್ರ, ರಾಜ್ಯ ಎರಡರ ದರವೂ ಅನ್ವಯಿಸುವ ಕಾಮಗಾರಿಯಲ್ಲಿ ಹೆಚ್ಚಿನದನ್ನೇ ಕೊಡಬೇಕು. ಆ ಹೋಲಿಕೆಯನ್ನು ಸಾಫ್ಟ್‌ವೇರ್ ಮಾಡುತ್ತದೋ, ನೀವೇ ಕಣ್ಣಲ್ಲಿ ಕಣ್ಣಿಟ್ಟು ಮಾಡಬೇಕೋ ಕೇಳಿ.

ಕೆಲಸದ ಹೆಸರು. ಇದು ಚಿಕ್ಕದು ಅನಿಸುತ್ತದೆ. ಒಮ್ಮೆ ಒಂದು ಪೋರ್ಟಲ್ ನಮ್ಮ ಫೈಲನ್ನು ನಾಲ್ಕು ಸಲ ತಿರಸ್ಕರಿಸಿತು. ರಾತ್ರಿ ಎರಡೂವರೆ, ಮೂರನೇ ಕಾಫಿ ಆರಿ ತಣ್ಣಗಾಗಿತ್ತು, ತಪ್ಪು ಎಲ್ಲಿ ಅಂತ ಅದು ಹೇಳುತ್ತಲೂ ಇರಲಿಲ್ಲ. ಕೊನೆಗೆ ನೋಡಿದರೆ ನಮ್ಮಲ್ಲಿ "ಬಡಗಿ", ಅವರ ಪಟ್ಟಿಯಲ್ಲಿ "ಬಡಗಿ, ಗುಂಪು 1". ಅಷ್ಟೇ. ಆ ವಾರದ ಲೆಕ್ಕ ತಡವಾಯಿತು ಅಂತ ಮೇಲಿನ ಕಂಟ್ರಾಕ್ಟರ್ ಬಿಲ್ಲು ತಡೆಹಿಡಿದರು. ನಿಮ್ಮ ಹೆಸರಿಗೂ ಪೋರ್ಟಲ್‌ನ ಹೆಸರಿಗೂ ಒಮ್ಮೆ ಗಂಟು ಹಾಕಿಟ್ಟರೆ ನೆನಪಿಟ್ಟುಕೊಳ್ಳುವ ಸೌಲಭ್ಯ ಬೇಕೇ ಬೇಕು. ಪಟ್ಟಿಯಲ್ಲೇ ಇಲ್ಲದ ಕೆಲಸವಾದರೆ ಅದು ಬೇರೆ ದಾರಿ, ಎಸ್‌ಎಫ್-1444 ಫಾರ್ಮಿನಲ್ಲಿ ದರ ಮಂಜೂರು ಮಾಡಿಸಬೇಕು. ಸಾಫ್ಟ್‌ವೇರ್ ಅದನ್ನು ಮಾಡುವುದಿಲ್ಲ.

ಗಂಟೆಗಳನ್ನು ಕೆಲಸದ ಪ್ರಕಾರ ಒಡೆಯುವುದು. ಹೊಸೆಯ ಗುರುವಾರ ನೆನಪಿದೆಯಲ್ವಾ? ಅವನು ಯಾವ ಗಂಟೆ ಯಾವ ಕೆಲಸ ಮಾಡಿದ ಅಂತ ಟೈಮ್‌ಶೀಟಿನಲ್ಲಿ ಇದ್ದರೆ ಮಾತ್ರ ಕಡಿಮೆ ದರ ಕೊಡಬಹುದು. ದಾಖಲೆ ಇಲ್ಲದಿದ್ದರೆ ಎಲ್ಲ ಗಂಟೆಗೂ ಹೆಚ್ಚಿನ ದರವೇ. ಹಾಗಾಗಿ ಸೈಟಿನಲ್ಲಿ ಮೇಸ್ತ್ರಿ ಫೋನಿನಲ್ಲಿ ಕೆಲಸ ಬದಲಾಯಿಸಿ ದಾಖಲಿಸುವುದು ಎಷ್ಟು ಸುಲಭ ಅಂತ ಅವರ ಕೈಲೇ ಮಾಡಿಸಿ ನೋಡಿ. ನಾಲ್ಕು ಪರದೆ ದಾಟಬೇಕಾದರೆ ಅವರು ಮಾಡುವುದಿಲ್ಲ, ಬರೆದಿಟ್ಟುಕೊಳ್ಳಿ. ಮೇಸ್ತ್ರಿಯ ಗಂಟೆಗಳೂ ಕೆಲವೊಮ್ಮೆ ಲೆಕ್ಕಕ್ಕೆ ಬರುತ್ತವೆ: ವಾರದಲ್ಲಿ 20 ಶೇಕಡಕ್ಕಿಂತ ಹೆಚ್ಚು ಸಮಯ ಅವರೇ ಕೈಕೆಸರು ಮಾಡಿಕೊಂಡಿದ್ದರೆ ಆ ಗಂಟೆಗಳಿಗೂ ಚಾಲ್ತಿ ಕೂಲಿ ಬೇಕು.

ಅಪ್ರೆಂಟಿಸ್‌ಗಳು. ನೋಂದಾಯಿತ ತರಬೇತಿ ಕಾರ್ಯಕ್ರಮದಲ್ಲಿ ಇರುವವರಿಗೆ ಮಾತ್ರ ಕಡಿಮೆ ದರ. ಒಬ್ಬ ಅನುಭವಿಗೆ ಇಷ್ಟೇ ಅಪ್ರೆಂಟಿಸ್ ಅನ್ನುವ ಅನುಪಾತವೂ ಇದೆ, ಮೀರಿದವರಿಗೆ ಪೂರ್ತಿ ದರ. ಅನುಪಾತ ಮೀರಿದಾಗ ಎಚ್ಚರಿಸುತ್ತದೆಯೇ ನೋಡಿ.

ಖಾಲಿ ವಾರ ಮತ್ತು ತಿದ್ದುಪಡಿ. ಪೇರೋಲ್‌ಗಳಿಗೆ 1, 2, 3 ಅಂತ ಸಂಖ್ಯೆ ನಡೆಯುತ್ತದೆ. ಮಳೆ ಬಂದು ಒಂದು ವಾರ ಯಾರೂ ಹೋಗದಿದ್ದರೆ "ಕೆಲಸ ನಡೆದಿಲ್ಲ" ಅನ್ನುವ ವರದಿಯನ್ನು ಬಹಳ ಇಲಾಖೆಗಳು ಕೇಳುತ್ತವೆ. ಹಳೆಯ ವಾರ ತಿದ್ದಿದರೆ ಹಳೆಯದು ಹಾಗೇ ಉಳಿದು, ಹೊಸದು ತಿದ್ದುಪಡಿ ಅಂತ ಬರಬೇಕು. ಹಳೆಯದರ ಮೇಲೇ ಬರೆದುಬಿಡುವ ಸಾಫ್ಟ್‌ವೇರ್ ನಂಬಬೇಡಿ.

ಹೆಜ್ಜೆ 4: ಸಹಿ ಯಾರದು, ಗುಟ್ಟು ಯಾರ ಕೈಲಿ

ನಮ್ಮಂಥ ದೂರದಲ್ಲಿ ಕೂತವರು ಇದನ್ನು ಗಮನವಿಟ್ಟು ಓದಿ. ವರದಿಯ ಕೊನೆಯ ಸಹಿ ಹಾಕಬೇಕಾದವರು ಕಂಟ್ರಾಕ್ಟರ್, ಇಲ್ಲವೇ ಅವರ ಪರವಾಗಿ ಸಂಬಳ ಕೊಡುವ ಅಥವಾ ಅದರ ಮೇಲ್ವಿಚಾರಣೆ ಮಾಡುವ ಅಧಿಕಾರ ಇರುವವರು. ಸುಳ್ಳು ಇದ್ದರೆ ಅಪರಾಧದ ಕೇಸು ಆಗಬಹುದು, ಸರ್ಕಾರಿ ಗುತ್ತಿಗೆಯಿಂದ 3 ವರ್ಷ ಹೊರಗಿಡಬಹುದು. ಹಾಗಾಗಿ ನಾನು ತಯಾರು ಮಾಡುತ್ತೇನೆ, ಮಾಲೀಕರು ಓದಿ ಸಹಿ ಹಾಕುತ್ತಾರೆ. ಅವರ ಪಾಸ್‌ವರ್ಡ್ ಇಸ್ಕೊಂಡು ನೀವೇ ಒತ್ತಿಬಿಡುವ ಚಾಳಿ ಇದ್ದರೆ ಇವತ್ತೇ ಬಿಡಿ. ಕಾನೂನಿಗೆ ಒಪ್ಪುವ ಎಲೆಕ್ಟ್ರಾನಿಕ್ ಸಹಿ ನಡೆಯುತ್ತದೆ, ಹಳೆಯ ಸಹಿಯ ಚಿತ್ರ ಅಂಟಿಸುವುದು ನಡೆಯುವುದಿಲ್ಲ. ತಯಾರಿಸುವವರಿಗೊಂದು ಲಾಗಿನ್, ಸಹಿ ಮಾಡುವವರಿಗೊಂದು ಲಾಗಿನ್, ಯಾರು ಯಾವಾಗ ಏನು ಬದಲಾಯಿಸಿದರು ಅನ್ನುವ ದಾಖಲೆ, ಈ ಮೂರೂ ಬೇಕು.

ಕೇಂದ್ರದ ವಾರದ ವರದಿಯಲ್ಲಿ ಪೂರ್ತಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯಾಗಲಿ (ನಮ್ಮ ಆಧಾರ್ ಸಂಖ್ಯೆಯಂಥದ್ದು) ಮನೆ ವಿಳಾಸವಾಗಲಿ ಇರಬಾರದು, ಕೊನೆಯ ನಾಲ್ಕು ಅಂಕಿ ಸಾಕು. ಕಂಪನಿಯ ದಾಖಲೆಯಲ್ಲಿ ಮಾತ್ರ ಪೂರ್ತಿ ಇರಬೇಕು. ನನ್ನ ಪರದೆಯಲ್ಲಿ ಆ ಸಂಖ್ಯೆಯನ್ನು ಪೂರ್ತಿ ಮುಚ್ಚಿಸಿದ್ದೇನೆ, ನನಗೆ ಅದು ಬೇಡ. ಹಾಗೆ ಮುಚ್ಚಲು ಬರುತ್ತದೆಯೇ ಕೇಳಿ.

ಹೆಜ್ಜೆ 5: ನಿಮ್ಮ ಕೆಳಗಿನ ಸಬ್ ಕಂಟ್ರಾಕ್ಟರ್‌ಗಳು

ನೀವು ಪ್ರೈಮ್ ಆಗಿದ್ದರೆ ಸಬ್ ಕಂಟ್ರಾಕ್ಟರ್ ಕಡಿಮೆ ಕೊಟ್ಟರೂ ಕೊನೆಗೆ ಹೊಣೆ ನಿಮ್ಮದೇ. ಅವರು ತಮ್ಮ ವರದಿಯನ್ನು ನಿಮ್ಮ ವ್ಯವಸ್ಥೆಗೆ ಏರಿಸಲು ಬರಬೇಕು, ಯಾರದು ಬಂದಿಲ್ಲ ಅಂತ ಒಂದೇ ಪರದೆಯಲ್ಲಿ ಕಾಣಬೇಕು. ಅದಕ್ಕೆ ಅವರಿಂದ ಬೇರೆ ಶುಲ್ಕ ಕೇಳಿದರೆ ಅವರು ಬರುವುದಿಲ್ಲ, ಪಿಡಿಎಫ್ ಮೇಲ್ ಮಾಡುತ್ತಾರೆ, ನೀವು ಕೂತು ಟೈಪ್ ಮಾಡುತ್ತೀರಿ. ನೀವು ಸಬ್ ಮಾತ್ರ ಆಗಿದ್ದರೆ ಈ ಭಾಗ ಬಿಡಿ.

ಹೆಜ್ಜೆ 6: ಬೆಲೆ, ಮತ್ತು ಹೊರಗೆ ಬರುವ ಬಾಗಿಲು

ಸ್ಥೂಲವಾಗಿ ಮೂರು ಬಗೆ ಸಿಗುತ್ತವೆ. ಕಟ್ಟಡ ಕಂಪನಿಗಳಿಗೆಂದೇ ಮಾಡಿದ ದೊಡ್ಡ ಲೆಕ್ಕಪತ್ರ ವ್ಯವಸ್ಥೆ, ಉದಾಹರಣೆಗೆ ಫೌಂಡೇಶನ್ ಅಥವಾ ಸೇಜ್ 100 ಕಂಟ್ರಾಕ್ಟರ್, ಇವುಗಳೊಳಗೇ ಸರ್ಟಿಫೈಡ್ ಪೇರೋಲ್ ಇರುತ್ತದೆ. ನಿಮ್ಮ ಈಗಿನ ಪೇರೋಲ್‌ಗೆ ಅಂಟಿಕೊಂಡು ವರದಿಯನ್ನಷ್ಟೇ ಮಾಡುವ ಸಣ್ಣ ಸಾಫ್ಟ್‌ವೇರ್ ಎರಡನೆಯದು. ಸಂಬಳ, ವರದಿ ಎಲ್ಲ ಅವರೇ ಮಾಡಿಕೊಡುವ ಸೇವೆ ಮೂರನೆಯದು. ವರ್ಷಕ್ಕೆ ಒಂದೋ ಎರಡೋ ಸರ್ಕಾರಿ ಕಾಮಗಾರಿ ಇರುವವರಿಗೆ ಎರಡನೆಯದು ಸಾಕು ಅಂತ ನನ್ನ ಅಭಿಪ್ರಾಯ. ಆದರೆ ಒಂದು ಎಚ್ಚರ: ಓವರ್‌ಟೈಮ್, ಫ್ರಿಂಜ್ ಲೆಕ್ಕ ಮೂಲ ಪೇರೋಲ್‌ನಲ್ಲೇ ತಪ್ಪಿದ್ದರೆ ಇದು ಆ ತಪ್ಪನ್ನೇ ಚಂದವಾಗಿ ಅಚ್ಚು ಹಾಕುತ್ತದೆ.

ಶುಲ್ಕ ತಲೆಗೊಂದೋ, ಕಾಮಗಾರಿಗೊಂದೋ, ವರದಿಗೊಂದೋ ಅಂತ ಬರವಣಿಗೆಯಲ್ಲಿ ಕೇಳಿ. ಸೆಟಪ್, ಪೋರ್ಟಲ್ ಜೋಡಣೆ, ಹೊಸ ರಾಜ್ಯ ಸೇರಿಸುವುದು, ಇವುಗಳಿಗೆ ಬೇರೆ ಬಿಲ್ಲು ಬರುತ್ತದೆಯೇ ಅಂತಲೂ. ದಾಖಲೆಗಳನ್ನು ಕೆಲಸ ಮುಗಿದ ಮೇಲೆ ಕನಿಷ್ಠ 3 ವರ್ಷ ಇಡಬೇಕು. ಚಂದಾ ನಿಲ್ಲಿಸಿದರೆ ಹಳೆಯ ವರದಿ, ಸಹಿ, ಟೈಮ್‌ಶೀಟ್ ಎಲ್ಲ ನಿಮ್ಮ ಕೈಗೆ ಯಾವ ರೂಪದಲ್ಲಿ ಬರುತ್ತದೆ? ಕ್ಯಾಲಿಫೋರ್ನಿಯಾದಲ್ಲಿ ಲಿಖಿತವಾಗಿ ಕೇಳಿದ 10 ದಿನದೊಳಗೆ ದಾಖಲೆ ಕೊಡದಿದ್ದರೆ ಒಬ್ಬ ಕೆಲಸಗಾರನಿಗೆ ದಿನಕ್ಕೆ 100 ಡಾಲರ್‌ನಂತೆ ದಂಡ ಬೀಳುತ್ತದೆ. ಆಗ ಹಳೆಯ ಕಂಪನಿಯ ಸಹಾಯವಾಣಿಯಲ್ಲಿ ಸಂಗೀತ ಕೇಳುತ್ತಾ ಕೂರುವ ಹಾಗಾಗಬಾರದು.

ಹೆಜ್ಜೆ 7: ನಾಲ್ಕು ವಾರ ಜೋಡಿಯಾಗಿ ಓಡಿಸಿ

ಕೊಂಡ ಕೂಡಲೇ ಹಳೆಯದನ್ನು ನಿಲ್ಲಿಸಬೇಡಿ. ನಾಲ್ಕು ವಾರ ಎರಡರಲ್ಲೂ ಮಾಡಿ, ಸಂಬಳ ಹಳೆಯದರಿಂದಲೇ ಹೋಗಲಿ. ವ್ಯತ್ಯಾಸ ಬಂದಾಗ ಹಳೆಯದೇ ಸರಿ ಅಂತ ಅಂದುಕೊಳ್ಳಬೇಡಿ, ಕೈಲೆಕ್ಕ ಹಾಕಿ. ನಾವು ಈಗಿನದಕ್ಕೆ ಬದಲಾದಾಗ ಎರಡನೇ ವಾರ ಒಬ್ಬನ ಸಂಬಳದಲ್ಲಿ 12 ಡಾಲರ್ ವ್ಯತ್ಯಾಸ ಬಂತು. ಅವನಿಗೆ ವಿಮೆ ಇನ್ನೂ ಶುರುವೇ ಆಗಿರಲಿಲ್ಲ, ಫ್ರಿಂಜಿನಿಂದ ಗಂಟೆಗೆ 3 ಡಾಲರ್ ಕಳೆಯುವ ಹಾಗೇ ಇರಲಿಲ್ಲ, ಹಳೆಯದು 4 ಗಂಟೆಗೆ ಕಳೆದಿತ್ತು. ಮಾಲೀಕರಿಗೆ ಮೆಸೇಜ್ ಹಾಕಿದೆ. ಅಲ್ಲಿ ಬೆಳಗ್ಗೆ, ಇಲ್ಲಿ ರಾತ್ರಿ ಊಟದ ಹೊತ್ತು. ಅದೇ ವಾರ ಅವನಿಗೆ 12 ಡಾಲರ್ ಹೋಯಿತು, ತಿದ್ದಿದ ವರದಿಯೂ ಹೋಯಿತು.